ಸ್ಟುಡಿಯೋದ ಕೋಟು

ಎಂಟನೇ ಇಯತ್ತೆಯಾಗ ಎರಡು ಸಲ ನಪಾಸಾದ ನನ್ನ ಮಾತನ್ನು ಹನಮಂತ ಯಾಕ ಕೇಳಿದನೋ ತಿಳೀವಲ್ಲದು. ನಮ್ಮೂರ ನಾಯಕರ ಓಣಿಯಾಗ ಮೆಟ್ರಿಕ್ ಪಾಸಾದ ಮೊದಲ ಹುಡುಗ ಅವನು. ಕಾಲೇಜು ಕಲೀಬೇಕಂದ್ರ ಧಾರವಾಡದಾಗ ಪರಿಶಿಷ್ಟ ಪಂಗಡದ ಬಡ ಹುಡುಗರ ಹಾಸ್ಟೆಲಿನ ಸೀಟು ಸಿಗಬೇಕಿತ್ತು. ಅರ್ಜಿಗೆ ಫೋಟೋ ಬೇಕಂತ ನವಲಗುಂದದ ಸ್ಟುಡಿಯೋಕ್ಕೆ ಹೋದಿವಿ. ಅಲ್ಲಿ ಗಿರಾಕಿಗಳಿಗಂತ ಒಂದು ಕೋಟು, ಒಂದು ಟೈ ಗ್ವಾಡಿಗೆ ತೂಗುಹಾಕಿದ್ದರು.

"ಹಾಕ್ಕೋಲೇ, ಸಾಹೇಬನಂಗ ಕಾಣ್ತಿ" ಅಂತ ನಾನೇ ಹಾಕಿಸಿದೆ.

ಫೋಟೋ ಕೈಗೆ ಬರೂದಕ್ಕ ನಾಕು ದಿನ ಆತು. ಅರ್ಜಿ ಕೊಡುವ ಕಡೀ ದಿನ ಕಚೇರಿ ಮುಟ್ಟಿದಿವಿ. ಕರೀ ಕೋಟಿನ ಗುಮಾಸ್ತರು ಫೋಟೋ ನೋಡಿ, "ಇಂವನ್ನ ಬಡವ ಅಂತ ಹೆಂಗ ಬರೀಲಿ?" ಅಂದರು.

"ಕೋಟು ಸ್ಟುಡಿಯೋದ್ದರಿ" ಅಂದ ಹನಮಂತ.

"ನನಗ ತಿಳೀತಪಾ. ಮ್ಯಾಲಿನ ಸಾಹೇಬರು ನಿನ್ನ ನೋಡೂದಿಲ್ಲ, ಫೋಟೋ ನೋಡ್ತಾರ. ತಡಿ, ಒಂದು ಚೀಟಿ ಬರದು ಹಚ್ತೀನಿ."

ಅಲ್ಲಿಗೆ ನಾ ಬಾಯಿ ಮುಚ್ಚಿಕೊಂಡಿರಬೇಕಿತ್ತು. "ನಿಮ್ಮ ಕೋಟೂ ಸ್ಟುಡಿಯೋದ್ದೇನ್ರಿ?" ಅಂದುಬಿಟ್ಟೆ. ಕಚೇರಿ ಮಂದಿಯೆಲ್ಲ ನಕ್ಕರು. ಗುಮಾಸ್ತರು ಮಾತ್ರ ನಗಲಿಲ್ಲ. ಅರ್ಧ ಬರೆದ ಚೀಟಿ ಹರಿದು ಒಗೆದು, ಅರ್ಜಿಯನ್ನು ನಮ್ಮ ಕಡೆ ಸರಿಸಿದರು.

"ಬ್ಯಾರೆ ಫೋಟೋ ತಗಸ್ಕೊಂಡು ಬರ್ರಿ."

"ಇವತ್ತ ಕಡೀ ದಿನ ಅಲ್ಲರಿ?"

"ಹೌದು, ಇವತ್ತ."

ತಿರುಗಿ ಬರುವಾಗ ಹನಮಂತ ನನ್ನ ಬೈಯಲಿಲ್ಲ. ಬಸ್ ಇಳಿದ ಮ್ಯಾಲೆ, "ಮುಂದಿನ ವರ್ಷ ನೀ ಬರಬ್ಯಾಡಪಾ, ನಾ ಒಬ್ಬನ ಹೋಗ್ತೀನಿ" ಅಂದ.

ನನ್ನ ಜನ್ಮದಾಗ ನಾ ತಪ್ಪದೇ ಪಾಲಿಸಿದ ಮಾತು ಅದೊಂದೇ. ಮುಂದಿನ ವರ್ಷ ನಾ ಹೋಗಲಿಲ್ಲ. ಅಷ್ಟೊತ್ತಿಗೆ ಗಿರಣಿಯೊಳಗ ಹತ್ತಿ ಅಂಡಿಗಿ ಹೊರೂ ಕೆಲಸಕ್ಕ ಹತ್ತಿದ್ದ ಅವನೂ ಹೋಗಲಿಲ್ಲ.