ಕೆಂಪಕ್ಕ ಕಟ್ಟಿದ ಮನೆ

ರತ್ನ, ನಿನ್ನ ಚಿಕ್ಕಪ್ಪ ಮದುವೆಯಾಗಬೇಕಿದ್ದದ್ದು ನಿಮ್ಮವ್ವನನ್ನು. ಅದನ್ನು ತಪ್ಪಿಸಿದವಳು ನಾನು. ಹಣೆಬರಹವಲ್ಲ, ಋಣಾನುಬಂಧವಲ್ಲ — ನಾನು, ನಿನ್ನನ್ನು ಸಾಕಿ ಬೆಳೆಸಿದ ಚಿಕ್ಕವ್ವ. ಅಕ್ಕ ಕಟ್ಟಿದ್ದನ್ನು ನಾನು ಕಟ್ಟಿದ್ದು ಅಂದೆ. ಅಷ್ಟಕ್ಕೇ ಅವಳ ಬಾಳು ಒಂದು ದಾರಿ ಹಿಡಿಯಿತು, ನನ್ನದು ಇನ್ನೊಂದು.

ತಾಯಿಯಿಲ್ಲದ ಕೂಸನ್ನು ಎದೆಗೆ ಹಾಕಿಕೊಂಡ ಪುಣ್ಯವಂತೆ ಅಂತ ಕಂಡವರೆಲ್ಲ ನನ್ನನ್ನು ಹೊಗಳುತ್ತಾರೆ. ನಾನೂ ತಲೆ ತಗ್ಗಿಸಿ ಹೊಗಳಿಸಿಕೊಳ್ಳುತ್ತೇನೆ. ಈ ಹೊಗಳಿಸಿಕೊಳ್ಳುವ ಚಟ ಇದೆಯಲ್ಲ, ಇದು ನನಗೆ ಹುಟ್ಟಿನಿಂದ ಬಂದದ್ದು. ಎಲ್ಲವೂ ಅಲ್ಲಿಂದಲೇ ಶುರು.

ಹನಕೆರೆಯ ನಮ್ಮ ಅಪ್ಪನ ಮನೆ ನೀನು ನೋಡಿದ್ದೀಯ. ಆಗ ಅದರ ಹಿತ್ತಲು ತುಂಬ ದೊಡ್ಡದು — ಬಚ್ಚಲೊಲೆ, ಹುಲ್ಲಿನ ಮೆದೆ, ಹುಣಸೆಮರ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಊರಿನವರು ಗೋಡು ಮಣ್ಣು ತಂದು ಇಟ್ಟಿಗೆ ಕುಯ್ಯುತ್ತಿದ್ದರು. ಅದನ್ನು ನೋಡಿ ನೋಡಿ ನಿಮ್ಮವ್ವನೂ ಇಟ್ಟಿಗೆ ಕುಯ್ಯತೊಡಗಿದಳು. ಅವಳ ಅಚ್ಚು ಬೆಂಕಿಪೊಟ್ಟಣದ ಒಳಗಿನ ಗೂಡು. ಮಣ್ಣನ್ನು ಸೀರೆಯ ಚೂರಿನಲ್ಲಿ ಜರಡಿ ಹಿಡಿದು, ಬೂದಿ ಬೆರೆಸಿ, ಅದರಲ್ಲಿ ಒತ್ತಿ, ಬೋರಲು ಹಾಕಿ ತಟ್ಟುವಳು. ಬೆರಳುದ್ದದ ಇಟ್ಟಿಗೆ ಬೀಳುತ್ತಿತ್ತು. ನೆರಳಲ್ಲಿ ಒಣಗಿಸಿ, ಬಚ್ಚಲೊಲೆಯ ಕೆಂಡದಲ್ಲಿ ಹೊಟ್ಟು ಮುಚ್ಚಿ ಸುಡುವಳು. ಹೊರಗೆ ತೆಗೆದಾಗ ಥೇಟ್ ಇಟ್ಟಿಗೆಯೇ, ಅದೇ ಕೆಂಪು. ಆಮೇಲೆ ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಗಾರೆ ಅರೆದು, ಒಂದರ ಮೇಲೊಂದು ಕೂರಿಸಿ, ಮಣೆಯ ಮೇಲೆ ಮನೆ ಎಬ್ಬಿಸುವಳು. ಬಾಗಿಲಿಗೆ ಕಮಾನು, ನಡುವೆ ತೊಟ್ಟಿ, ಕಿಟಕಿಗೆ ಕಡ್ಡಿಯ ಸರಳು!

ನನ್ನ ಕೆಲಸ ಏನು ಗೊತ್ತೇ? ಬೆಲ್ಲ ಕುಟ್ಟಿಕೊಡುವುದು. ಕುಟ್ಟುತ್ತಾ ಅರ್ಧ ನನ್ನ ಬಾಯಿಗೇ ಹೋಗುತ್ತಿತ್ತು. "ತಿಂದು ಮುಗ್ಸಬೇಡ ಕಣಮ್ಮಿ, ಗ್ವಾಡೆ ನಿಲ್ಲಕಿಲ್ಲ," ಅಂತ ನಿಮ್ಮವ್ವ ಬೈಯುವಳು. ಬೈಯುವಾಗಲೂ ಅವಳ ಕಣ್ಣು ಗೋಡೆಯ ಮೇಲೇ. ಅವ್ವ ಅಪ್ಪನಿಗೆ ಇದೆಲ್ಲ ಹುಚ್ಚಾಟ. ಇಬ್ಬರೂ ಹೆಣ್ಣುಮಕ್ಕಳು ಕೆಸರಲ್ಲಿ ಹೊರಳುತ್ತವೆ ಅಂತ ಒಟ್ಟಿಗೇ ಶಾಪ ಹಾಕುತ್ತಿದ್ದರು. ಯಾರು ಕಟ್ಟುತ್ತಾರೆ, ಯಾರು ಬೆಲ್ಲ ತಿನ್ನುತ್ತಾರೆ ಅಂತ ನೋಡಿದವರಲ್ಲ.

ಅಕ್ಕನನ್ನು ನೋಡಲು ಮಳವಳ್ಳಿ ಕಡೆಯಿಂದ ಗಂಡು ಬಂತು. ಯುದ್ಧ ಶುರುವಾಗಿದ್ದ ಕಾಲ. ಹುಡುಗ ಓದಿದವನು, ಮಂಡ್ಯದಲ್ಲಿ ಕಟ್ಟಡ ಕಟ್ಟಿಸುವ ಓವರ್ಸೀಯರು. ಒಕ್ಕಲುಮಕ್ಕಳಲ್ಲಿ ಅಂಥ ಗಂಡು ಸಿಗುವುದು ಆಗ ಸುಲಭವೇ? ಅಪ್ಪ ಮನೆಗೆಲ್ಲ ಸುಣ್ಣ ಹೊಡೆಸಿದ. ದೊಡ್ಡವಳನ್ನು ತೋರಿಸುವ ದಿನ ಚಿಕ್ಕವಳು ಗಂಡಿನವರ ಕಣ್ಣಿಗೆ ಬೀಳಕೂಡದು — ನಮ್ಮಲ್ಲಿ ಪದ್ಧತಿ. ಅದಕ್ಕೆ ನನ್ನನ್ನು ಹಿತ್ತಲಿಗೆ ಅಟ್ಟಿದರು. ಮಣ್ಣಾಡುವ ಹುಡುಗಿ ಅಂತ ತಿಳಿದರೆ ಬೇಡವೆಂದಾರು ಅಂತ ಅಕ್ಕ ಕಟ್ಟಿದ ಮನೆಯನ್ನೂ ಮಣೆ ಸಮೇತ ಎತ್ತಿ ಹಿತ್ತಲಿಗೇ ಹಾಕಿದರು.

ಹುಡುಗ ಕೈಕಾಲು ತೊಳೆಯಲು ಹಿತ್ತಲಿಗೇ ಬಂದ. ನೋಡಬಾರದ ಎರಡನ್ನೂ ಒಟ್ಟಿಗೇ ನೋಡಿದ. ಚೊಂಬನ್ನು ಹಾಗೇ ಕೆಳಗಿಟ್ಟು ಆ ಮನೆಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಕಮಾನಿನೊಳಗೆ ಬೆರಳು ತೂರಿಸಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಯಾರು ಕಟ್ಟಿದ್ದು ಇದನ್ನ?" ಅಂದ.

"ನಾನೇ."

ನೋಡು, ಅದೇ ಮಾತು. ಯೋಚನೆ ಮಾಡಿ ಆಡಿದ್ದಲ್ಲ. ಮದುವೆ, ಗಂಡ ಏನೂ ಆ ಕ್ಷಣ ತಲೆಯಲ್ಲಿರಲಿಲ್ಲ. ಯಾರೋ ಓದಿದವನು, ಬಿಳಿ ಷರಟಿನವನು, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾನೆ — ಆ ನೋಟ ನನಗೆ ಬೇಕಾಗಿತ್ತು. ಅವನು ಬಿಡಲಿಲ್ಲ. ಗಾರೆಗೆ ಏನು ಹಾಕಿದೆ ಅಂತ ಕೇಳಿದ. "ಬೆಲ್ಲದ ನೀರು," ಅಂದೆ. ಅಷ್ಟು ಗೊತ್ತಿತ್ತಲ್ಲ ನನಗೆ! ಅವನ ಮುಖ ಅರಳಿತು. ಅಷ್ಟು ಹೊತ್ತೂ ನಿಮ್ಮವ್ವ ಒಳಗೆ ಚಾಪೆಯ ಮೇಲೆ, ಹಿರಿಯರ ಮುಂದೆ, ತಲೆ ಬಗ್ಗಿಸಿ ಕೂತಿದ್ದಳು.

ಸಂಜೆ ಹೊತ್ತಿಗೆ ನನಗೆ ಅವನು ಬೇಕು ಅನ್ನಿಸಿತ್ತು. ಇದನ್ನೂ ಹೇಳಿಬಿಡುತ್ತೇನೆ. ಹುಡುಗುಬುದ್ಧಿಯಿಂದ ಸುಳ್ಳು ಬಂತು, ನಿಜ. ಆದರೆ ಸುಳ್ಳನ್ನು ಉಳಿಸಿಕೊಂಡದ್ದು ಹುಡುಗುಬುದ್ಧಿಯಲ್ಲ.

ಮುಂದಿನ ವಾರ ಸಂಬಂಧ ತಂದವನು ಬಂದು ಜಗಲಿಯ ಮೇಲೆ ಕೂತು ಅಪ್ಪನಿಗೆ ಹೇಳಿದ, "ಇಟ್ಗೆ ಮನೆ ಕಟ್ದವಳೇ ಬೇಕಂತೆ ಕಣಣ್ಣ. ಇತ್ಲಲ್ಲಿ ನಿಂತಿದ್ಲಂತಲ್ಲ, ನಿನ್ನ ಚಿಕ್ಕ ಮಗಳು."

ಅಪ್ಪ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಆಮೇಲೆ, "ದೊಡ್ಡೋಳ ಬುಟ್ಟು ಚಿಕ್ಕೋಳ ಎಂಗ್ಲಾ ಕೊಡ್ಲಿ?" ಅಂದ. ಬೇಡ ಅನ್ನಲಿಲ್ಲ, ಹೇಗೆ ಅಂದ. ಅಲ್ಲಿಗೆ ನನ್ನ ಮದುವೆ ನಿಶ್ಚಯವಾಯಿತು.

ನಿಮ್ಮವ್ವ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಏನಂದೆ ಅಮ್ಮಿ ಅವ್ರಿಗೆ?"

"ನಾನೇ ಕಟ್ಟಿದ್ದು ಅಂದೆ."

"ಯಾಕೆ?"

ಅಪ್ಪನಿಗೆ ನಿಜ ಹೇಳಿಬಿಡುತ್ತೇನೆ ಅಂತ ಅತ್ತೆ. ಅತ್ತದ್ದೂ ಅವಳು ಬೇಡ ಅನ್ನಲಿ ಅಂತಲೇ. ಅವಳು ಕೈ ಬಿಟ್ಟಳು. "ಈಗೇಳಿದ್ರೆ ನಿನ್ನ ಸುಳ್ಳುಬುರ್ಕಿ ಅಂತಾರೆ. ಇಬ್ರನ್ನೂ ಯಾರೂ ಮಾಡ್ಕಳಕಿಲ್ಲ. ಓಗ್ಲಿ ಬುಡು." ಅಷ್ಟು ಹೇಳಿ ಕೊಟ್ಟಿಗೆಗೆ ಹೋದಳು. ದನಕ್ಕೆ ಹುಲ್ಲು ಹಾಕುತ್ತಾ ಸೆರಗಿನಿಂದ ಮುಖ ಒರೆಸಿಕೊಂಡದ್ದನ್ನು ನಾನು ನೋಡಿದೆ.

ದೊಡ್ಡವಳಿಗೆ ಮೊದಲು ತಾಳಿ ಬೀಳಬೇಕಿತ್ತಲ್ಲ. ಅದಕ್ಕೆ ಅವಸರದಲ್ಲಿ ಗಂಡು ಹುಡುಕಿದರು. ಪೂರಿಗಾಲಿಯಲ್ಲಿ ಹೆಂಡತಿ ಸತ್ತವನೊಬ್ಬನಿದ್ದ, ಅಪ್ಪನಿಗಿಂತ ಸ್ವಲ್ಪ ಚಿಕ್ಕವನು — ನಿಮ್ಮಪ್ಪ. ಕೆಟ್ಟವರಲ್ಲ. ಮಾತು ಕಡಿಮೆ, ಕೆಮ್ಮು ಜಾಸ್ತಿ. ಒಂದೇ ಚಪ್ಪರದಡಿ ಎರಡು ಮದುವೆ. ಅವಳ ತಾಳಿ ಮೊದಲು, ನನ್ನದು ಆಮೇಲೆ. ಅಪ್ಪ ಒಂದೇ ಖರ್ಚಿನಲ್ಲಿ ಎರಡೂ ಮುಗಿಸಿದ ಅಂತ ಬಂದವರು ಮೆಚ್ಚಿದರು.

ಮಂಡ್ಯಕ್ಕೆ ಬಂದ ಹೊಸತರಲ್ಲಿ ನಿನ್ನ ಚಿಕ್ಕಪ್ಪ ಬೆಂಗಳೂರಿನಿಂದ ಒಂದು ಮರದ ಪೆಟ್ಟಿಗೆ ತಂದುಕೊಟ್ಟರು. ಬಿಳಿಯರ ಮಕ್ಕಳು ಆಡುವ ಪುಟ್ಟ ಪುಟ್ಟ ಇಟ್ಟಿಗೆಗಳು — ಕೆಂಪು, ಬಿಳಿ, ಕಮಾನಿಗೆ ಬೇರೆ, ಕಂಬಕ್ಕೆ ಬೇರೆ. "ಇನ್ನು ಕೆಸರು ಕಲಸಬೇಕಾಗಿಲ್ಲ, ಜಯ," ಅಂದರು. ಬೇರೆ ಗಂಡಂದಿರು ಹೂವು ತರುತ್ತಾರೆ, ಸೀರೆ ತರುತ್ತಾರೆ. ಇವರು ಇದನ್ನು ತಂದರು. ಅವರು ಕೆಲಸಕ್ಕೆ ಹೋದ ಮೇಲೆ ಕೂತು ಕಟ್ಟಲು ನೋಡಿದೆ. ಗೋಡೆ ಎದ್ದರೆ ಮೂಲೆ ಬಿಡುತ್ತಿತ್ತು, ಕಮಾನು ಇಟ್ಟರೆ ಎಲ್ಲ ಕುಸಿಯುತ್ತಿತ್ತು. ಮನೆಗೆಲಸ ಅಂದೆ, ಬಸುರಿ ಅಂದೆ, ಕೂಸು ಹೋಯಿತು ಮನಸ್ಸಿಲ್ಲ ಅಂದೆ. ಸತ್ತ ನನ್ನ ಕೂಸನ್ನೂ ಆ ಸುಳ್ಳಿಗೆ ಅಡ್ಡ ಹಿಡಿದೆ, ರತ್ನ. ಅವರು ಪೀಡಿಸುವವರಲ್ಲ. ಆದರೂ ಆಗಾಗ ಪೆಟ್ಟಿಗೆಯ ಕಡೆ ನೋಡುತ್ತಿದ್ದರು.

ನಿನಗೆ ಕಿವಿ ಸೋರುತ್ತಿದೆ, ಆಸ್ಪತ್ರೆಗೆ ತೋರಿಸಬೇಕು ಅಂತ ನಿಮ್ಮವ್ವ ನಿನ್ನನ್ನು ಎತ್ತಿಕೊಂಡು ಮಂಡ್ಯಕ್ಕೆ ಬಂದಳು. ಸೊರಗಿ ಕಡ್ಡಿಯಾಗಿದ್ದಳು. ಅವಳಿಗೆ ಒಂದು ತುತ್ತು ಬಿಸಿ ಅನ್ನ ಹಾಕಿ ಮಲಗಿಸಬೇಕಿತ್ತು ನಾನು. ಮಾಡಿದ್ದೇನು? ಪೆಟ್ಟಿಗೆ ತಂದು ಅವಳ ಮುಂದಿಟ್ಟೆ. "ಒಂದು ಸಲ ಕಟ್ಕೊಡಕ್ಕ. ಇವರು ಕೇಳಿ ಕೇಳಿ ಸಾಕಾಗದೆ."

ಅವಳು ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ನಿನ್ನನ್ನು ನನ್ನ ಮಡಿಲಿಗೆ ಹಾಕಿ, ಸೆರಗು ಸಿಕ್ಕಿಸಿ, ಕೂತಳು. ಆಮೇಲೆ — ಹೇಗೆ ಹೇಳಲಿ — ಮದುವೆಗೆ ಮುಂಚಿನ ನನ್ನ ಅಕ್ಕ ವಾಪಸು ಬಂದಳು. ನಾಲಿಗೆಯ ತುದಿ ಕಚ್ಚಿಕೊಂಡು, ಒಂದು ಇಟ್ಟಿಗೆ ಇಟ್ಟು, ತಲೆ ಓರೆ ಮಾಡಿ ನೋಡಿ, ತೆಗೆದು ಬೇರೆ ಇಟ್ಟು. "ಅಯ್ಯೋ, ಇವು ಎಷ್ಟು ಸಮ ಅವೆ ಅಮ್ಮಿ!" ಅಂತ ನಕ್ಕಳು. ಮಾಳಿಗೆ ಮನೆ ಕಟ್ಟಿದಳು. ಮೇಲೆ ಹತ್ತಲು ಮೆಟ್ಟಿಲು ಕೂಡ. ಆ ಮಧ್ಯಾಹ್ನ ನಿನ್ನ ಕಿವಿ ನೋವೂ ಅವಳಿಗೆ ಮರೆತುಹೋಗಿತ್ತು.

ಸಂಜೆ ಇವರು ಸೈಕಲ್ ನಿಲ್ಲಿಸಿ ಒಳಗೆ ಬಂದರು. ಬಗ್ಗಿ, ಆ ಮನೆಯನ್ನು ನಾಲ್ಕೂ ಕಡೆಯಿಂದ ನೋಡಿದರು. ಆಮೇಲೆ ಅಕ್ಕನಿಗೆ, "ನೋಡಿದ್ರಾ ಅತ್ತಿಗೆ, ನಿಮ್ಮ ತಂಗಿ ಕೈಚಳಕಾನ?" ಅಂದರು.

"ಊ ಕಣಪ್ಪ. ಚಿಕ್ಕಂದಿನಿಂದ್ಲೂ ಅವಳು ಅಂಗೇಯ."

ಒಂದು ಮೆಟ್ಟಿಲು ಚೂರು ಓರೆಯಾಗಿತ್ತು. ಅವಳಿಗೆ ತಡೆಯಲಾಗಲಿಲ್ಲ, ಸರಿಮಾಡಲು ಕೈ ಚಾಚಿದಳು. ಇವರು ಗಾಬರಿಯಿಂದ, "ಮುಟ್ಬೇಡಿ ಅತ್ತಿಗೆ, ಬಿದ್ದುಹೋಗ್ತದೆ," ಅಂದರು. ನಿಮ್ಮವ್ವ ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಕೈಯನ್ನು ಎಲ್ಲಿಡಬೇಕು ಅಂತ ತಿಳಿಯದೆ ಸೆರಗಿನೊಳಗೆ ಸುತ್ತಿಕೊಂಡು ಗೋಡೆಗೆ ಸರಿದು ನಿಂತಳು. ನಾನು ಅಲ್ಲೇ ಇದ್ದೆ. ಬಾಯಿ ಇತ್ತು ನನಗೆ. ಬೇಡದ್ದಕ್ಕೆಲ್ಲ ತೆರೆಯುವ ಬಾಯಿ!

ಮಾರನೆಯ ದಿನ ಬಸ್ಸಿಗೆ ಹೊರಟಳು. ಮತ್ತೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಜ್ವರ ಬಂದು ಪೂರಿಗಾಲಿಯಲ್ಲೇ ಹೋದಳು. ನಾನು ಊರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ನೀನು ಪಡಸಾಲೆಯಲ್ಲಿ ಯಾರೋ ಕೊಟ್ಟ ರೊಟ್ಟಿಯ ಚೂರು ಹಿಡಿದು ಕೂತಿದ್ದೆ. ನಿನ್ನನ್ನು ಎತ್ತಿಕೊಂಡು ಬಂದೆ, ನಿಮ್ಮಪ್ಪ ತಡೆಯಲಿಲ್ಲ. ಪುಣ್ಯಕ್ಕಲ್ಲ ಕಣೇ, ಮಾಡಿದ ಪಾಪದ ಭಯಕ್ಕೆ. ಆಮೇಲೆ ಪ್ರೀತಿ ಬಂತು, ಅದು ಸುಳ್ಳಲ್ಲ. ಮೊದಲು ಬಂದದ್ದು ಭಯ.

ಸ್ವಾತಂತ್ರ್ಯ ಬಂತು ಅಂತ ಬೀದಿಯಲ್ಲಿ ಬಾವುಟ ಕಟ್ಟುತ್ತಿದ್ದ ದಿನಗಳು. ನೀನು ಅಟ್ಟದಿಂದ ಆ ಪೆಟ್ಟಿಗೆ ಇಳಿಸಿಕೊಂಡು ಒಬ್ಬಳೇ ಕೂತು ಕಟ್ಟಿದೆ. ಯಾರೂ ಹೇಳಿಕೊಟ್ಟಿರಲಿಲ್ಲ. ನಾಲಿಗೆಯ ತುದಿ ಕಚ್ಚಿಕೊಂಡಿದ್ದೆ. ನಿನ್ನ ಚಿಕ್ಕಪ್ಪ, "ಥೇಟ್ ಚಿಕ್ಕವ್ವನ ಕೈ ಬಂದದೆ ಮಗೀಗೆ!" ಅಂದರು. ನೀನು ಅವರೇಕಾಯಿ ಬಿಡಿಸುತ್ತಿದ್ದ ನನ್ನ ಹತ್ತಿರ ಓಡಿ ಬಂದು ಕೇಳಿದೆ, "ನಮ್ಮವ್ವಂಗೂ ಬತ್ತಿತ್ತಾ ಚಿಕ್ಕವ್ವ?"

ಆಗ ಹೇಳಬಹುದಿತ್ತು. ಅಕ್ಕ ಬದುಕಿಲ್ಲ, ನನ್ನ ಗಂಡ ಬಿಟ್ಟುಹೋಗುವವರಲ್ಲ — ನನಗೆ ಕಳೆದುಕೊಳ್ಳಲು ಏನಿತ್ತು? ಬರೀ ಆ ಹೊಗಳಿಕೆ. ಅದನ್ನೂ ಬಿಡಲಾರದೆ ಹೇಳಿದೆ, "ಇಲ್ಲ ಕಣವ್ವ. ನಿಮ್ಮವ್ವಂಗೆ ಪಾಪ, ಏನೂ ಬತ್ತಿರ್ಲಿಲ್ಲ."

ನೀನು ನಂಬಿದೆ. ಬೆಳೆದೆ, ಮದುವೆಯಾದೆ, ಅಜ್ಜಿಯಾದೆ — ಇವತ್ತಿಗೂ ನಂಬಿದ್ದೀಯ. ಮೊನ್ನೆ ನೀನು ನಿನ್ನ ಮೊಮ್ಮಗಳಿಗೆ ಹೇಳುತ್ತಿದ್ದೆ, ನಮ್ಮವ್ವ ಏನೂ ತಿಳಿಯದವಳಂತೆ ಪಾಪ, ಕೈಗುಣವೆಲ್ಲ ಚಿಕ್ಕವ್ವನಿಂದ ಬಂದದ್ದು ಅಂತ. ಒಳಕೋಣೆಯಲ್ಲಿ ಮಲಗಿದ್ದ ನನಗೆ ಕೇಳಿಸಿತು. ಗಂಡನನ್ನು ಕಿತ್ತುಕೊಂಡದ್ದು ಸಾಲದೆ ಅವಳ ಮಗಳ ಬಾಯಿಂದಲೇ ಅವಳನ್ನು ದಡ್ಡಿ ಮಾಡಿಸಿದ್ದೇನೆ.

ನಿನ್ನ ಚಿಕ್ಕಪ್ಪನಿಗೆ ಹೇಳುವ ಕಾಲ ಮುಗಿಯಿತು. ನನ್ನನ್ನು ನಂಬಿಕೊಂಡೇ ಹೋದರು. ಉಳಿದವಳು ನೀನು. ಕ್ಷಮಿಸು ಅನ್ನುವುದಿಲ್ಲ. ಕ್ಷಮಿಸಬೇಕಾದವಳು ಪೂರಿಗಾಲಿಯ ಮಣ್ಣಿನಲ್ಲಿದ್ದಾಳೆ. ನನ್ನನ್ನು ಇನ್ನು ಚಿಕ್ಕವ್ವ ಅನ್ನುತ್ತೀಯೋ ಬಿಡುತ್ತೀಯೋ ನಿನಗೆ ಸೇರಿದ್ದು. ಆದರೆ ಈಗಲೇ ಎದ್ದು ಹೋಗಿ ಆ ಮಗುವಿಗೆ ಹೇಳಿ ಬಾ — ನಮ್ಮವ್ವ ಕೆಂಪಮ್ಮನಿಗೆ ಮನೆ ಕಟ್ಟಲು ಬರುತ್ತಿತ್ತು, ಏನೂ ಬರದೆ ಇದ್ದದ್ದು ಚಿಕ್ಕವ್ವನಿಗೆ ಅಂತ.