ಸೋತವರ ಹೆಸರು ಮೊದಲು

ನಮ್ಮ ಕಡೆಯ ಆಟೋಟದ ಸುದ್ದಿ ಬರೆಯುತ್ತಿದ್ದವರಿಗೆ ದೆಹಲಿಯ ರೇಡಿಯೋದಲ್ಲಿ ಕೆಲಸ ಸಿಕ್ಕಿದೆ ಎಂಬ ಸಮಾಚಾರ ಹೊನ್ನಾಳಿಗೆ ಬಂದದ್ದು ಬೆಳಗಿನ ನ್ಯಾಮತಿ ಬಸ್ಸಿನಲ್ಲಿ. ಬಸ್ಸು ನಿಲ್ಲುವ ಮೊದಲೇ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಕೂಗಿ ಹೇಳಿದನಂತೆ. ನಾನು ಪುಸ್ತಕದ ಚೀಲ ಹೊತ್ತು ಆ ಹಾದಿಯಲ್ಲಿ ಬರುವ ಹೊತ್ತಿಗೆ ಸ್ಟ್ಯಾಂಡಿನ ಹೋಟೆಲಿನ ಯಜಮಾನ ಬಂದವರಿಗೆಲ್ಲ ಕೇಸರಿಬಾತ್ ಪುಕ್ಕಟೆ ಹಂಚುತ್ತಿದ್ದ. ಆತ ಮಹಾ ಜಿಪುಣ. ಕುಡಿಯುವ ನೀರನ್ನೂ ಅರ್ಧ ಲೋಟಕ್ಕೇ ನಿಲ್ಲಿಸುವವನು. ಅಂಥವನ ಕೈ ಇಷ್ಟು ಧಾರಾಳವಾಗಿದೆ ಎಂದರೆ ವಿಷಯ ಸಣ್ಣದಲ್ಲ ಎಂದು ಗೊತ್ತಾಯಿತು.

“ನಮ್ಮೋರು ಇನ್ಮೇಲೆ ದೇಶಕ್ಕೆಲ್ಲ ಕೇಳ್ತಾರೆ ಕಣವ್ವಾ. ತಗಾ, ಬಾಯಿ ಸಿಹಿ ಮಾಡ್ಕ,” ಎಂದು ನನಗೂ ಒಂದು ಎಲೆಯ ಚೂರಿನಲ್ಲಿ ಕೊಟ್ಟ.

ನಾನು ತಿಂದೆ. ಸಿಕ್ಕಿದ್ದನ್ನು ಬಿಡುವ ಪೈಕಿ ನಾನಲ್ಲ. ಆದರೆ ತಿನ್ನುತ್ತಿದ್ದಂತೆ ಮೈಯೆಲ್ಲ ಉರಿಯಿತು. ಊರಿಗೆ ಊರೇ ಹಿಗ್ಗುತ್ತಿದ್ದಾಗ ಸಿಟ್ಟು ಬಂದದ್ದು ನನಗೊಬ್ಬಳಿಗೇ ಇರಬೇಕು.

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಾನು ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು, ಹುಡುಗಿಯರ ಖೋ ಖೋ ತಂಡದ ನಾಯಕಿ. ನನ್ನ ಅಪ್ಪ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದರು. ಊರ ಕಡೆಯ ಕೇರಿಯಲ್ಲಿ ನಮ್ಮ ಮನೆ. ನಮ್ಮ ಕೇರಿಯಲ್ಲಿ ದೊಡ್ಡ ಹುಡುಗಿಯೊಬ್ಬಳು ಲಂಗ ಬಿಟ್ಟು ಚಡ್ಡಿ ಹಾಕಿಕೊಂಡು ಮೈದಾನದಲ್ಲಿ ಓಡುವುದೆಂದರೆ ಸುಮ್ಮನೆ ಮಾತಲ್ಲ. ನನ್ನ ಸೋದರಮಾವ ಬಂದಾಗಲೆಲ್ಲ ಅದೊಂದೇ ರಾಗ: “ಸಾಕು ಬಿಡ್ಸು ಭಾವ, ಹೆಣ್ಣುಡುಗಿ ಎಷ್ಟು ದಿನ ಅಂತ ಓಡ್ತಾಳೆ?” ಅಪ್ಪ ಪ್ರತಿ ಸಲವೂ ಕೊಡುತ್ತಿದ್ದ ಉತ್ತರ ಒಂದೇ: “ಪೇಪರಿನಾಗೆ ಬರ್ತೈತಲ್ಲೋ.”

ಮೊದಲ ಸಲ ನನ್ನ ಹೆಸರು ಪತ್ರಿಕೆಯಲ್ಲಿ ಬಂದ ದಿನ, ಅಪ್ಪನನ್ನು ಹೆಸರು ಹಿಡಿದೂ ಕರೆಯದೆ ‘ಲೇ ಇವನೇ’ ಅನ್ನುತ್ತಿದ್ದ ಮಿಲ್ಲಿನ ಗುಮಾಸ್ತರು ಎದ್ದು ಬಂದು, “ಬಾರಪ್ಪಾ ಇಲ್ಲಿ, ನಿನ್ನ ಮಗಳು ನಾಯಕಿಯಂತೆ” ಎಂದು ಓದಿ ಹೇಳಿದ್ದರು. ಓದು ಬಾರದ ಅಪ್ಪ ಆ ಹಾಳೆಯನ್ನು ಕೇಳಿ ತಂದಿದ್ದರು. ನನ್ನ ಆಟ ನಿಂತಿದ್ದದ್ದು ಆ ಹಾಳೆಯ ಮೇಲೆ. ಬರೆಯುವವರೇ ಹೊರಟುಹೋದರೆ ಅಪ್ಪ ಮಾವನಿಗೆ ಏನು ಉತ್ತರ ಕೊಡುತ್ತಾರೆ? ನನ್ನ ಸಿಟ್ಟಿಗೆ ಕಾರಣ ಅದು.

ಬರೆಯುವವರ ಊರು ನ್ಯಾಮತಿ. ಕಡ್ಡಿಯಂಥ ಆಳು, ಹೆಗಲಿಗೊಂದು ಬಟ್ಟೆಯ ಚೀಲ. ದಾವಣಗೆರೆಯ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದರು. ಹೊನ್ನಾಳಿಯಲ್ಲಿ ಕುಸ್ತಿ ಇರಲಿ, ಚನ್ನಗಿರಿಯಲ್ಲಿ ಕಬಡ್ಡಿ ಇರಲಿ, ಕೆರೆಬಿಳಚಿಯಲ್ಲಿ ವಾಲಿಬಾಲ್ ಇರಲಿ, ಬಸ್ಸು ಹತ್ತಿ ಬಂದೇ ಬರುತ್ತಿದ್ದರು. ಮೈಕು ಸಿಕ್ಕರೆ ಕಾಮೆಂಟರಿಯನ್ನೂ ಹೇಳುತ್ತಿದ್ದರು. ತಾವು ಕಣ್ಣಾರೆ ನೋಡದ ಪಂದ್ಯದ ಬಗ್ಗೆ ಒಂದು ಸಾಲೂ ಬರೆದವರಲ್ಲ. ಪಂದ್ಯ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬರೆದು, ಕವರಿಗೆ ಅಂಟು ಹಚ್ಚಿ, ದಾವಣಗೆರೆ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದರು. ಕವರು ಡ್ರೈವರ್ ಪಕ್ಕದಲ್ಲಿ ಬಿಸಿ ಬಾನೆಟ್ಟಿನ ಮೇಲೆ ಕೂತು ಪ್ರಯಾಣ ಮಾಡುತ್ತಿತ್ತು. ದಾವಣಗೆರೆಯಲ್ಲಿ ಪತ್ರಿಕೆಯ ಆಳು ಬಂದು ಇಳಿಸಿಕೊಳ್ಳುತ್ತಿದ್ದ.

ಅವರದೊಂದು ಪದ್ಧತಿ ಇತ್ತು. ಯಾವ ಪಂದ್ಯವಾದರೂ ಸೋತ ತಂಡದ ಆಟಗಾರರ ಹೆಸರನ್ನು ಮೊದಲು ಬರೆಯುತ್ತಿದ್ದರು, ಗೆದ್ದವರದು ಆಮೇಲೆ. ಗೆದ್ದ ಊರಿನವರು ಇದಕ್ಕೆ ಮುನಿಸಿಕೊಂಡು ಜಗಳಕ್ಕೆ ಹೋದದ್ದೂ ಉಂಟು. ಒಮ್ಮೆ ನಾನೇ ಕೇಳಿದ್ದೆ. “ಪತ್ರಿಕೆಯಾಗೆ ಜಾಗ ಸಾಲದಿದ್ರೆ ಬಾಲ ಕತ್ತರಿಸ್ತಾರವ್ವಾ,” ಎಂದಿದ್ದರು. “ಗೆದ್ದೋರ ಹೆಸರು ಹೆಂಗಾದ್ರೂ ಊರಿಗೆ ಗೊತ್ತಾಗ್ತೈತೆ. ಸೋತೋರದ್ದು ಬಾಲದಾಗಿಟ್ರೆ ಅವರು ಆಡಿದ್ದೇ ಸುಳ್ಳಾಗ್ತೈತೆ.”

ಇವರು ಹಿಂದಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿಕೊಂಡದ್ದು ಯಾರಿಗೂ ಗೊತ್ತಿರಲಿಲ್ಲ. ಶಿವಮೊಗ್ಗದಲ್ಲಿ ಒಂದು ದೊಡ್ಡ ಪಂದ್ಯಾವಳಿ ನಡೆದಾಗ ಹೊರಗಿನ ರಾಜ್ಯಗಳ ಆಟಗಾರರಿಗಾಗಿ ಹಿಂದಿಯಲ್ಲೂ ಕಾಮೆಂಟರಿ ಹೇಳಿದರಂತೆ. ಅದನ್ನು ಯಾರೋ ದೊಡ್ಡವರು ಕೇಳಿ, ದೆಹಲಿಗೆ ಅರ್ಜಿ ಹಾಕಲು ಹೇಳಿದರಂತೆ. ಈಗ ಕರೆ ಬಂದಿತ್ತು.

ಮುಂದಿನ ವಾರವೆಲ್ಲ ಜನ ಪಟ್ಟ ಸಂಭ್ರಮ ನೆನೆದರೆ ಈಗಲೂ ನಗು ಬರುತ್ತದೆ. ಹುಟ್ಟಿದ್ದು ನಮ್ಮಲ್ಲಿ ಎಂದು ನ್ಯಾಮತಿಯ ಜನ ಅಂದರು. ಮೊದಲ ಸಲ ಮೈಕು ಕೊಟ್ಟದ್ದು ನಾವು ಎಂದು ಚನ್ನಗಿರಿಯವರು ಎದೆ ತಟ್ಟಿಕೊಂಡರು. ಹೊನ್ನಾಳಿಯವರೇನು ಕಡಿಮೆ, ದಿನಾ ನಮ್ಮ ಸ್ಟ್ಯಾಂಡಿನಲ್ಲೇ ಚಾ ಕುಡಿದು ಗಂಟಲು ಪಳಗಿದ್ದು ಎಂದರು. ವಯಸ್ಸಾದ ಪೈಲ್ವಾನರೊಬ್ಬರು ಮಾತ್ರ ಹೋಟೆಲಿನಲ್ಲಿ ಎಲ್ಲರೆದುರು ಕಣ್ಣೊರೆಸಿಕೊಂಡು, “ಹೋಗ್ಲಿ, ಚೆಂದಾಗಿರ್ಲಿ. ಆದ್ರೆ ನಾ ಹಾಕಿದ ಪಟ್ಟು ಯಾವುದು ಅಂತ ಬರಿಯಾಕೆ ಇನ್ಯಾರಿಗೆ ಗೊತ್ತೈತ್ರಿ?” ಎಂದರು. ಅವರ ಮಾತು ಕೇಳಿ ನನಗೂ ಜೊತೆ ಸಿಕ್ಕಿತು ಅನ್ನಿಸಿತು.

ಬೀಳ್ಕೊಡುಗೆ ನಡೆದದ್ದು ನ್ಯಾಮತಿಯ ಹೈಸ್ಕೂಲು ಮೈದಾನದಲ್ಲಿ. ಜಗಳೂರಿನಿಂದ ಎಂಟು ಜನ ಎರಡು ಬಸ್ಸು ಬದಲಿಸಿ ಬಂದಿದ್ದರು. ದೆಹಲಿಯಲ್ಲಿ ಚಳಿ ಜಾಸ್ತಿ ಎಂದು ಯಾರೋ ಹೇಳಿದ್ದಕ್ಕೆ ಅವರು ತಮ್ಮ ಕಡೆಯ ಕರಿಕಂಬಳಿ ತಂದಿದ್ದರು. ಒಂದಲ್ಲ, ನಾಲ್ಕು. ಹಾರದ ಬದಲು ಒಂದರ ಮೇಲೊಂದು ಹೊದಿಸಿದರು. ಬೇಸಿಗೆಯ ಮಧ್ಯಾಹ್ನ. ಆ ಕಡ್ಡಿ ಮನುಷ್ಯ ನಾಲ್ಕು ಕಂಬಳಿಯೊಳಗೆ ಬೆವರು ಸುರಿಸುತ್ತ ಕೈ ಮುಗಿದು ಕೂತೇ ಇದ್ದರು, ಒಂದನ್ನೂ ತೆಗೆಯಲಿಲ್ಲ.

ಹುಡುಗಿಯರ ಪರವಾಗಿ ಹಾರ ಹಾಕಲು ನನ್ನನ್ನು ಕರೆದರು. ನಾನು ಹಾರ ಹಾಕಿದವಳು ವೇದಿಕೆಯಿಂದ ಇಳಿಯಲಿಲ್ಲ. ನೇರ ಮೈಕಿನ ಮುಂದೆ ಹೋಗಿ, “ಸಾರ್, ನೀವು ಹೋದ್ರೆ ನಮ್ಮ ಖೋ ಖೋ ಯಾರ್ ಬರೀತಾರೆ?” ಎಂದುಬಿಟ್ಟೆ. ಕೇಳುವ ಧಾಟಿ ಜಗಳದ್ದೇ ಆಗಿತ್ತು. ನಮ್ಮ ಡ್ರಿಲ್ ಮೇಷ್ಟ್ರು ಕೆಳಗಿನಿಂದ ಕಣ್ಣು ಕೆಕ್ಕರಿಸಿದರು.

ಕಂಬಳಿಗಳ ಸಮೇತ ಅವರು ಎದ್ದು ಮೈಕಿನ ಹತ್ತಿರ ಬಂದರು. “ನಾನು ನೋಡದ್ದನ್ನ ಬರೆದೋನಲ್ಲ. ಇನ್ಮೇಲೆ ನೋಡಾಕೆ ಆಗಲ್ಲ. ನೋಡೋರೇ ಬರೀಬೇಕು. ನೀನೇ ಬರಿಯವ್ವಾ, ನಾನು ಪತ್ರಿಕೆಯೋರಿಗೆ ಹೇಳಿ ಹೋಗ್ತೀನಿ,” ಎಂದರು.

ಜನ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ನನ್ನನ್ನು ಚಿಕ್ಕ ಹುಡುಗಿ ಎಂದು ಸಾಗಹಾಕಿದರು ಅನ್ನಿಸಿ ನನ್ನ ಸಿಟ್ಟು ಇನ್ನೂ ಏರಿತು. ಆದರೆ ಹೊರಡುವ ಮುಂಚೆ ಅವರು ನನ್ನನ್ನು ಹುಡುಕಿಕೊಂಡು ಬಂದು, ಪತ್ರಿಕೆಯ ವಿಳಾಸ ಬರೆದ ಹತ್ತು ಕವರು ಕೈಗಿಟ್ಟರು. ಆಗ ಗಾಬರಿಯಾಯಿತು. ಆ ಮನುಷ್ಯ ತಮಾಷೆ ಮಾಡಿರಲಿಲ್ಲ.

ಎರಡು ತಿಂಗಳ ಮೇಲೆ ಅವರ ದನಿ ರೇಡಿಯೋದಲ್ಲಿ ಬಂತು. ಹೋಟೆಲಿನ ಮುಂದೆ ಜಾತ್ರೆಯಷ್ಟು ಜನ. ಯಜಮಾನ ರೇಡಿಯೋವನ್ನು ಮೇಜಿನ ಮೇಲಿಟ್ಟು ಊದಿನಕಡ್ಡಿ ಹಚ್ಚಿದ್ದ. ಅದು ಹಾಕಿ ಪಂದ್ಯವಂತೆ. ಮಾತು ಶುರುವಾದದ್ದೇ ಎಲ್ಲರೂ ಮುಖ ಮುಖ ನೋಡಿಕೊಂಡರು. ಪೂರಾ ಹಿಂದಿ. ರೇಡಿಯೋದಲ್ಲಿ ನಮ್ಮವರು ನಮ್ಮ ಮಾತನ್ನೇ ಆಡುತ್ತಾರೆ ಎಂದು ನಾವೆಲ್ಲ ಯಾಕೆ ನಂಬಿದ್ದೆವೋ! ಒಂದು ಪದ ತಿಳಿಯದಿದ್ದರೂ ಯಾರೂ ಜಾಗ ಬಿಟ್ಟು ಕದಲಲಿಲ್ಲ. ನಡುವೆ ಕೆಮ್ಮಿದವನನ್ನು ಗದರಿಸಿದರು. ಮುಗಿದ ಮೇಲೆ ಪೈಲ್ವಾನರು ಎದ್ದು, “ಹೆಂಗೆ ಹೇಳ್ದ ನೋಡ್ರಿ! ಎಲ್ಲೂ ತಡವರಿಸ್ಲಿಲ್ಲ,” ಎಂದು ಮೀಸೆ ತಿರುವಿದರು. ನಮ್ಮ ಮೈದಾನದ ಧೂಳು ಕುಡಿದ ದನಿಯನ್ನು ಇಡೀ ದೇಶ ಕಿವಿಗೊಟ್ಟು ಕೇಳುತ್ತಿತ್ತು. ಆ ಹೊತ್ತಿಗೆ ನನ್ನ ಸಿಟ್ಟು ಹೋಯಿತು ಅಂದರೆ ಸುಳ್ಳಲ್ಲ.

ಅದಾದ ಮೇಲೆ ಚನ್ನಗಿರಿಯ ಸಂಘವೊಂದು ಹುಡುಗಿಯರ ಖೋ ಖೋ ಪಂದ್ಯಾವಳಿ ಇಟ್ಟಿತು. ಕೊನೆಯ ಪಂದ್ಯ ನಮಗೂ ಜಗಳೂರಿನವರಿಗೂ. ಕುರಿ ಹಿಂದೆ ಓಡಿ ಬೆಳೆದ ಹುಡುಗಿಯರು ಅವರು, ಕೈಗೇ ಸಿಗುತ್ತಿರಲಿಲ್ಲ. ಕೊನೆಯ ಸರದಿಯಲ್ಲಿ ಬೆನ್ನಟ್ಟುವವರು ನಾವು. ಇನ್ನೊಬ್ಬಳನ್ನು ಮುಟ್ಟಿದರೆ ಸಮ, ಉಳಿದದ್ದು ಅರ್ಧ ನಿಮಿಷ. ನಾನು ಸಾಲಿನಲ್ಲಿ ಕೂತಿದ್ದೆ. ಅವರ ಓಟಗಾರ್ತಿ ನನ್ನ ಎದುರಿಗೇ ಬಂದಳು. ಬೆನ್ನ ಹಿಂದೆ ನನ್ನ ಗೆಳತಿಯ ಹೆಜ್ಜೆ ಕೇಳಿಸಿತು. ಎದ್ದೆ, ಹಾರಿದೆ, ಮುಟ್ಟಿದೆ. ಅಂಪೈರ್ ಸೀಟಿ ಊದಿ ‘ಫೌಲ್’ ಎಂದರು. ಔಟ್ ಕೊಡಲಿಲ್ಲ. ಅಷ್ಟರಲ್ಲಿ ಸಮಯ ಮುಗಿಯಿತು. ಒಂದು ಪಾಯಿಂಟಿನಿಂದ ಸೋತೆವು.

ಹೊನ್ನಾಳಿಯಿಂದ ಬಂದಿದ್ದ ನಮ್ಮ ಜನ ಮೈದಾನಕ್ಕೆ ನುಗ್ಗಿದರು. ನಾನು ಮುಟ್ಟಿದ್ದನ್ನು ಎಲ್ಲರೂ ನೋಡಿದ್ದರು. “ಮೋಸ! ಪೇಪರಿಗೆ ಬರಿ, ಅಂಪೈರ್ ಮೋಸ ಮಾಡ್ದ ಅಂತ ಬರಿ,” ಎಂದು ನನ್ನ ಸುತ್ತ ನಿಂತು ಕೂಗಿದರು. ಆದರೆ ಹಿಂದಿನಿಂದ ಓಡಿ ಬಂದ ಗೆಳತಿ ಬೆನ್ನು ಮುಟ್ಟಿ ಖೋ ಅನ್ನುವ ಮೊದಲೇ ನಾನು ಎದ್ದಿದ್ದೆ. ಅದು ಗೊತ್ತಿದ್ದದ್ದು ಮೂವರಿಗೆ: ಅಂಪೈರಿಗೆ, ನನಗೆ, ನನ್ನ ಗೆಳತಿಗೆ. ಗೆಳತಿ ಕಿವಿಯ ಹತ್ತಿರ ಬಂದು, “ನಾನು ಖೋ ಅಂದಿದ್ದೆ ಅಂತ ಹೇಳ್ತೀನಿ, ಬಿಡೇ,” ಎಂದಳು. ಒಳ್ಳೆಯ ಜೀವ.

ದಾವಣಗೆರೆ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಚನ್ನಗಿರಿ ಸ್ಟ್ಯಾಂಡಿನಲ್ಲಿ ಕೂತು ಬರೆದೆ. ಅಂಪೈರ್ ಮೋಸ ಎಂದು ಬರೆಯಲು ಕೈ ಬರಲಿಲ್ಲ. ಆದರೆ ನಿಜ ಬರೆದರೆ ಮಿಲ್ಲಿನಲ್ಲಿ ಗುಮಾಸ್ತರು ಅದನ್ನೇ ಅಪ್ಪನಿಗೆ ಓದುತ್ತಾರೆ, ಮಾವನಿಗೆ ಅದೇ ಸಾಕು, ನನ್ನ ಆಟ ಅಲ್ಲಿಗೆ ಮುಗಿಯಿತು. ಆಗ ಒಂದು ಕಳ್ಳಬುದ್ಧಿ ಹೊಳೆಯಿತು. ಎರಡೂ ತಂಡದವರ ಹೆಸರು ಹಾಕಿ, ಬಹುಮಾನ ಕೊಟ್ಟವರ ಹೆಸರೆಲ್ಲ ಹಾಕಿ, ನನ್ನ ಫೌಲನ್ನು ಕಟ್ಟಕಡೆಯ ಸಾಲಿನಲ್ಲಿ ಬರೆದೆ. ಬರೆದ ಹಾಗೂ ಆಯಿತು, ಬಾಲ ಕತ್ತರಿಸಿದರೆ ಅಚ್ಚಾಗದ ಹಾಗೂ ಆಯಿತು. ಕವರಿಗೆ ಅಂಟು ಹಚ್ಚಿ ಡ್ರೈವರ್ ಹತ್ತಿರ ಹೋದೆ.

ಡ್ರೈವರ್ ಕವರು ಇಸಿದುಕೊಂಡು, ಮೊದಲು ಬರೆಯುತ್ತಿದ್ದವರ ಕವರು ಇಡುತ್ತಿದ್ದ ಜಾಗದಲ್ಲೇ ಇಟ್ಟು, “ನಮ್ಮೋರ ಕವರೇನವ್ವಾ? ಬಿಡು, ಜ್ವಾಪಾನ ಮಾಡ್ತೀನಿ,” ಎಂದ. ನನಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಕವರು ವಾಪಸು ಕೇಳಿ ಹರಿದೆ. ಅವನು ಎಂಜಿನ್ ಶುರು ಮಾಡಿ ಬೈಯತೊಡಗಿದ. ನಾನು ಬಾನೆಟ್ಟಿನ ಮೇಲೆಯೇ ಇನ್ನೊಂದು ಹಾಳೆ ಇಟ್ಟು, ಮೊದಲ ಸಾಲಿನಲ್ಲೇ ಬರೆದೆ: ಹೊನ್ನಾಳಿ ತಂಡದ ನಾಯಕಿ ಖೋ ಸಿಗುವ ಮೊದಲೇ ಎದ್ದು ಫೌಲ್ ಮಾಡಿದ್ದರಿಂದ ತಂಡವು ಒಂದು ಪಾಯಿಂಟಿನಿಂದ ಸೋತಿತು. ಕೆಳಗೆ ನಮ್ಮವರ ಹೆಸರು, ಆಮೇಲೆ ಜಗಳೂರಿನವರದು.

ಮಾರನೆಯ ದಿನ ಪತ್ರಿಕೆ ಅದನ್ನು ಹಾಗೆಯೇ ಹಾಕಿತು. ಶಾಲೆಯ ಹಾದಿಯಲ್ಲಿ ಹೋಟೆಲಿನ ಯಜಮಾನ ಮುಖ ತಿರುಗಿಸಿದ. “ಊರ ಮಾನ ಕಳೆದ್ಯಲ್ಲೇ,” ಎಂದು ಯಾರೋ ಅಂದರು. ಮಧ್ಯಾಹ್ನ ಮನೆಗೆ ಬಂದರೆ ಮಾವ ಆಗಲೇ ಬಂದು ಕೂತಿದ್ದ. ಅಪ್ಪ ಮಿಲ್ಲಿನಿಂದ ಬಂದು ಕೈಕಾಲು ತೊಳೆಯುತ್ತಿದ್ದರು, ಮೈಮೇಲೆ ತೌಡು ಹಾಗೇ ಇತ್ತು.

“ಕೇಳಿಸ್ಕಂಡ್ಯಾ ಭಾವ? ಸೋತಿದ್ದೇ ಇವಳಿಂದಂತೆ. ಪೇಪರಿನಾಗೇ ಬಂದೈತೆ. ಇನ್ನಾದ್ರೂ ಬಿಡ್ಸು,” ಎಂದ ಮಾವ.

ಅಪ್ಪ ನನ್ನ ಕಡೆ ತಿರುಗಿದರು. “ಗುಮಾಸ್ತರು ಓದಿ ಹೇಳಿದ್ರು. ಅದನ್ನ ಯಾರ್ ಬರೆದದ್ದವ್ವಾ?”

“ನಾನೇ.”

“ನೀ ತಪ್ಪು ಮಾಡಿದ್ದನ್ನ ನೀನೇ ಬರ್ದ್ಯಾ? ಯಾರೂ ಬಲವಂತ ಮಾಡ್ದೆ?”

ಹೂಂ ಎಂದೆ. ಅಪ್ಪ ಟವೆಲಿನಲ್ಲಿ ಮುಖ ಒರೆಸಿದ್ದನ್ನೇ ಒರೆಸಿದರು. ಆಮೇಲೆ ಮಾವನ ಕಡೆ ನೋಡದೆ ನನ್ನನ್ನೇ ಕೇಳಿದರು.

“ಮುಂದಿನ ಆಟ ಯಾವೂರಾಗೈತೆ?”

“ನ್ಯಾಮತಿಯಾಗೆ.”

“ನಾನೂ ಬರ್ತೀನಿ. ಇಷ್ಟು ದಿನ ಓದ್ಸಿ ಓದ್ಸಿ ಕೇಳಿದ್ದಾತು. ನಾನೂ ಒಂದ್ಸಲ ನೋಡ್ಬೇಕು.”