ಸಾಯದ ಪಾಲಕ್

ನಮ್ಮಣ್ಣನನ್ನು ಬೀದಿಯವರೆಲ್ಲ ಕರೆಯುವುದು ಪಾಲಕ್ ಮಾಮ ಎಂದು. ಹಿತ್ತಲಿನಲ್ಲಿ ಅವನು ಬೆಳೆಯುವ ಪಾಲಕ್ ಅಂಗೈಗಿಂತ ಅಗಲ, ಕಡು ಹಸಿರು. ಬಂದವರನ್ನು ಬರಿಗೈಯಲ್ಲಿ ಕಳಿಸುವ ಜಾಯಮಾನ ಅವನದಲ್ಲ. ಆ ಗಿಡಗಳನ್ನು ನೋಡುವಷ್ಟು ಮುದ್ದಾಗಿ ತನ್ನನ್ನು ಒಂದು ದಿನವೂ ನೋಡಿದ್ದಿಲ್ಲ ಎಂದು ಅತ್ತಿಗೆ ಗೊಣಗುತ್ತಿದ್ದಳು.

ಮೊದಲ ಸಲ ಬಿತ್ತಿದಾಗ ಮಾತ್ರ ಮುಕ್ಕಾಲು ಪಾಲು ಸಸಿಗಳು ಹಳದಿಗಟ್ಟಿ ಸತ್ತಿದ್ದವು. ಮೊಂಡ ನಮ್ಮಣ್ಣ, ಉಳಿದವುಗಳ ಬೀಜ ಕಟ್ಟಿಟ್ಟು ಮತ್ತೆ ಬಿತ್ತಿದ. ವರ್ಷ ವರ್ಷವೂ ಅದೇ ಕೆಲಸ. ಕೊನೆಗೆ ಒಂದು ಸಸಿಯೂ ಸಾಯಲಿಲ್ಲ. "ಮಣ್ಣು ಸರಿಹೋಯ್ತು ನೋಡು," ಎಂದು ಬೀಗಿದ.

ಈಚೆಗೆ, ಬಹಳ ವರ್ಷ ದೂರದ ಊರಿನಲ್ಲಿದ್ದ ಅವನ ಮಗಳು ಬಸುರಿಯಾಗಿ, ಗಂಡನೊಂದಿಗೆ ಪಕ್ಕದ ಬೀದಿಗೆ ಮನೆ ಬದಲಿಸಿದಳು. ಅವಳಿಗೆ ದಿನಾ ಒಂದು ಕಟ್ಟು ಸೊಪ್ಪು ಹೋಗತೊಡಗಿತು. ಆಗಲೇ ನೆರೆಮನೆಯ ಅಜ್ಜಿಯ ಬಾಯಿಂದ ನನಗೆ ತಿಳಿದದ್ದು: ಅಣ್ಣನ ಹಿತ್ತಲಿನ ಜಾಗದಲ್ಲಿ ಹಿಂದೆ ಲೋಹಕ್ಕೆ ಲೇಪ ಹಾಕುವ ಕಾರ್ಖಾನೆಯಿತ್ತು, ತೊಳೆದ ನೀರೆಲ್ಲ ಅಲ್ಲೇ ಇಂಗುತ್ತಿತ್ತು ಎಂದು. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ಎಲೆ, ಮಣ್ಣು ಎರಡನ್ನೂ ಒಯ್ದು ನೋಡಿದೆ. ಎರಡರಲ್ಲೂ ಕಿಡ್ನಿ ಹಾಳುಮಾಡುವ ವಿಷಲೋಹ ಕ್ಯಾಡ್ಮಿಯಂ ಇತ್ತು, ಎಲೆಯಲ್ಲಂತೂ ವಿಪರೀತ.

ಅಣ್ಣ ಒಪ್ಪಬೇಕಲ್ಲ! "ವಿಷ ಇದ್ರೆ ಗಿಡ ಹೀಗಿರತ್ತಾ? ತಲೆ ಕೆಟ್ಟಿದೆಯಾ ನಿಂಗೆ?"

"ಗಿಡ ಚೆನ್ನಾಗೇ ಇದೆ ಅಣ್ಣ. ಎಲೆ ಒಳಗೆ ಕಣ್ಣಿಗೆ ಕಾಣದ ಚೀಲಗಳಿರತ್ವೆ. ವಿಷಾನ ಅದ್ರಲ್ಲಿ ತುಂಬಿ ಮುಚ್ಚಿಡತ್ತೆ, ತನಗೆ ತಾಗದ ಹಾಗೆ. ಎಲೆ ದೊಡ್ಡದಾದಷ್ಟೂ ಒಳಗಿನ ವಿಷಾನೂ ಜಾಸ್ತಿ. ಹಾಗೆ ಮುಚ್ಚಿಡೋಕೆ ಬರದೇ ಇದ್ದ ಸಸಿಗಳು ಸತ್ವು. ಚೆನ್ನಾಗಿ ಮುಚ್ಚಿಡೋ ಗಿಡಗಳ ಬೀಜಾನೇ ನೀನು ವರ್ಷ ವರ್ಷ ಆರಿಸ್ಕೊಂಡು ಬಂದೆ."

ಅಣ್ಣ ಮಗಳಿಗೆಂದು ಕಟ್ಟಿದ್ದ ಸೊಪ್ಪನ್ನು ಹಿತ್ತಲ ಮೆಟ್ಟಿಲ ಮೇಲೆ ಇಟ್ಟುಬಿಟ್ಟ. ಅಷ್ಟು ಬಿರುಸಾಗಿ ಹೇಳಬಾರದಿತ್ತೇನೋ, ಆದರೆ ಬಸುರಿಯ ವಿಷಯದಲ್ಲಿ ನಯನಾಜೂಕು ನನಗೆ ಬರುವುದಿಲ್ಲ.

ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿಕೊಂಡೆವು. ಮಗಳು ತಿನ್ನಲು ಶುರುಮಾಡಿ ಕೆಲವೇ ವಾರವಾಗಿದ್ದರಿಂದ ಹೆದರಬೇಕಿಲ್ಲ, ಇನ್ನು ಮುಟ್ಟಬೇಡಿ ಎಂದರು ಡಾಕ್ಟರು. ಅಣ್ಣ, ಅತ್ತಿಗೆ ಮಾತ್ರ ಆಗಾಗ ಕಿಡ್ನಿ ತೋರಿಸಿಕೊಳ್ಳಬೇಕಂತೆ. ತನ್ನ ಕಿಡ್ನಿಯ ಬಗ್ಗೆ ಅಣ್ಣ ಒಂದು ಮಾತೂ ಕೇಳಲಿಲ್ಲ. ಸೊಪ್ಪು ಕೊಟ್ಟಿದ್ದ ಮನೆಮನೆಗೂ ಹೋಗಿ ಬಾಗಿಲು ತಟ್ಟಿ, ತಿನ್ನಬೇಡಿ, ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದ. ಕೆಲವರು ಬೈದರು, ಬೈಸಿಕೊಂಡ. ನಾನು ಜೊತೆಗಿದ್ದೆ.

ಕೊನೆಗೆ ಮಗಳ ಮನೆಗೆ ಬಂದೆವು. ಅವಳು ಅಪ್ಪನ ಕೈ ಹಿಡಿದುಕೊಂಡಳು. "ಹೋಗ್ಲಿ ಬಿಡಪ್ಪ. ಎಲ್ಲರಿಗೂ ಕೊಟ್ಟ ಹಾಗೆ ನಂಗೂ ಕೊಟ್ಟೆ."

"ಇಲ್ಲ ಕಣಮ್ಮ," ಎಂದ ಅಣ್ಣ. "ಅವರಿಗೆಲ್ಲ ಕೈಗೆ ಸಿಕ್ಕಿದ್ದು ಕೊಟ್ಟೆ. ನಿಂಗೆ ಮಾತ್ರ ದೊಡ್ಡ ದೊಡ್ಡ ಎಲೆ ಆರಿಸಿ ಕೊಟ್ಟೆ."